ಪ್ಯಾರಿಸ್ಸಿನಲ್ಲಿ ಬಾವುಟ ಇಳಿದ ಮೇಲೆ

ಪ್ಯಾರಿಸ್
8 ಜನವರಿ 1964

ಮೆಯ್‌ತಾವಳ ಅಮ್ಮನಿಗೆ,

ಡಿಸೆಂಬರಿನಲ್ಲಿ ನೀನು ಬರೆದ ಪತ್ರ ತಲುಪಿತು. ಜೊತೆಗಿದ್ದ ಮಗಳ ಫೋಟೋವನ್ನು ಮಸಾಲೆ ಕಪಾಟಿನ ಬಾಗಿಲಿಗೆ ಒಳಗಡೆಯಿಂದ ಅಂಟಿಸಿದ್ದೇನೆ. ನಾನು ಹೊರಟಾಗ ಅವಳಿಗೆ ನಾಲ್ಕು ವರ್ಷ. ಈಗ ಎಂಟು ಎಂದರೆ ನಂಬಿಕೆ ಬರುವುದಿಲ್ಲ. ಹುಬ್ಬು ಮಾತ್ರ ನಿನ್ನದೇ, ಯಾರ ಮೇಲೋ ಸಿಟ್ಟಾದ ಹಾಗೆ.

ಇಲ್ಲಿ ಎಲ್ಲ ಎಂದಿನಂತೆ. ಕಳೆದ ವಾರ ರಾಯಭಾರ ಕಚೇರಿಯಲ್ಲಿ ಇಪ್ಪತ್ತನಾಲ್ಕು ಜನಕ್ಕೆ ಅಡುಗೆ ಮಾಡಿಸಿದರು. ಬಂದವರು ಒಂಬತ್ತು ಜನ. ಉಳಿದ ಫ್ರೆಂಚ್ ಅಧಿಕಾರಿಗಳಿಗೆಲ್ಲ ಒಂದೇ ದಿನ ನೆಗಡಿಯಾಯಿತಂತೆ. ಮಿಕ್ಕ ಬಾತುಕೋಳಿಯನ್ನು ನಾನೂ ಡ್ರೈವರೂ ಮೂರು ದಿನ ತಿಂದೆವು. ಪತ್ರಿಕೆಗಳಲ್ಲಿ ದಿನವೂ ಚೀನಾ, ಚೀನಾ ಎಂದು ಏನೋ ಬರೆಯುತ್ತಾರೆ. ಅದು ಸಾಹೇಬರ ತಲೆನೋವು, ಅಡುಗೆಯವನದಲ್ಲ.

ನನ್ನ ತಾಯಿಯ ವಿಷಯ ಕೇಳಿದ್ದೀಯೆ. ಹದಿನೈದು ವರ್ಷವಾಯಿತು, ಏನೂ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ. ಕಮ್ಯುನಿಸ್ಟರ ಕೈ ಸೇರಿದ ನಮ್ಮೂರು ಫುಶಾನ್ ಈಗ ಚಂದ್ರನಿಗಿಂತ ದೂರ.

ಈ ವರ್ಷ ನನ್ನ ಕರಾರು ಮುಗಿಯುತ್ತದೆ. ಶರತ್ಕಾಲದ ಹಬ್ಬದ ಹೊತ್ತಿಗೆ ಮನೆಯಲ್ಲಿರುತ್ತೇನೆ. ಮಾರುಕಟ್ಟೆಗೆ ಬೆಳಿಗ್ಗೆ ಹೊರಡುವಾಗ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಹೋಗು.

ತಿಂಗ್‌ಫು


ಚಿಯಾಯಿ
24 ಜನವರಿ 1964

ಶ್ರೀ ಮೌ ತಿಂಗ್‌ಫು ಅವರಿಗೆ,

ತಮ್ಮ ಕುಟುಂಬವು ಕ್ಷೇಮವಾಗಿದೆ ಎಂದು ತಿಳಿಸಲು ಸಂತೋಷಪಡುತ್ತೇನೆ. ಈ ತಿಂಗಳ ಹದಿನೆಂಟರಂದು ಸಂಜೆ ಎಂಟು ಗಂಟೆಯ ಸುಮಾರಿಗೆ ಈ ಭಾಗದಲ್ಲಿ ಭೂಕಂಪವಾಯಿತು. ಪೇಟೆಯಲ್ಲಿ ಬೆಂಕಿಯೂ ಹತ್ತಿತು. ನಮ್ಮ ಮನೆಗೆ ಅಲ್ಪ ಹಾನಿ. ಅಡುಗೆಮನೆಯ ಗೋಡೆ ಮಾತ್ರ ಬಿದ್ದಿದೆ. ಸರ್ಕಾರದ ನೆರವು ತಕ್ಕ ಸಮಯಕ್ಕೆ ದೊರೆಯಿತು. ಮಗಳು ಶಾಲೆಗೆ ಹೋಗುತ್ತಿದ್ದಾಳೆ.

ತಾವು ತಮ್ಮ ಕರ್ತವ್ಯವನ್ನು ನಿಷ್ಠೆಯಿಂದ ನಿರ್ವಹಿಸಬೇಕೆಂದೂ ಮನೆಯ ಚಿಂತೆ ಬಿಡಬೇಕೆಂದೂ ಕೋರುತ್ತೇನೆ.

ತಮ್ಮ ಪತ್ನಿ,
ಹೌ ಶ್ಯೂಲ್ವಾನ್


ಪ್ಯಾರಿಸ್
2 ಫೆಬ್ರವರಿ 1964

ಶ್ಯೂಲ್ವಾನ್,

ಇದು ಯಾರ ಕೈಬರಹ?

ಭೂಕಂಪದ ಸುದ್ದಿ ಇಲ್ಲಿಯ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದಿತ್ತು. ನೂರಕ್ಕೂ ಹೆಚ್ಚು ಸಾವು ಎಂದು ಡ್ರೈವರ್ ಓದಿ ಹೇಳಿದ. ಅಂದಿನಿಂದ ಹನ್ನೆರಡು ದಿನ ಒಂದೂ ಸಾರು ಸರಿಯಾಗಿ ಮಾಡಿಲ್ಲ. ಕೊನೆಗೆ ಪತ್ರ ಬಂತು. ತೆರೆದರೆ ನಿನ್ನ ಹೆಸರು ಇದೆ, ನೀನಿಲ್ಲ. 'ತಾವು' ಎಂದು ನೀನು ನನ್ನನ್ನು ಯಾವತ್ತು ಕರೆದಿದ್ದೀಯೆ? ಬರೆಯುವಾಗ ಪಕ್ಕದಲ್ಲಿ ಯಾರು ಕೂತಿದ್ದರು? ಪೊಲೀಸರೇ? ನನ್ನ ಕರ್ತವ್ಯದ ವಿಷಯ ನಿನ್ನ ಬಾಯಲ್ಲಿ ಯಾಕೆ ಬಂತು?

ಇಲ್ಲಿಯ ಸುದ್ದಿ ರೇಡಿಯೋದಲ್ಲಿ ಕೇಳಿಯೇ ಇರುತ್ತೀಯೆ. ಜನವರಿ ಇಪ್ಪತ್ತೇಳರಂದು ಫ್ರಾನ್ಸ್ ಪೀಕಿಂಗ್ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತು. ಬ್ರಿಟನ್ ಹದಿನಾಲ್ಕು ವರ್ಷದ ಹಿಂದೆಯೇ ಕೊಟ್ಟಿತ್ತು, ಈಗ ಇವರ ಸರದಿ. ಇನ್ನು ಮೇಲೆ ಇವರಿಗೆ ಚೀನಾ ಎಂದರೆ ಅವರು. ಯುದ್ಧ ಸೋತು ದ್ವೀಪ ಸೇರಿದರೂ ಚೀನಾ ಎಂದೇ ಕರೆದುಕೊಳ್ಳುವ ತೈಪೆ ಸರ್ಕಾರದ ನಾವು ಏನು ಎಂದು ಯಾರೂ ಹೇಳುತ್ತಿಲ್ಲ. ಬಟ್ಟೆ ಒಗೆಯುವ ಫ್ರೆಂಚ್ ಹೆಂಗಸು ಮೇಜುಬಟ್ಟೆ ತಂದುಕೊಟ್ಟವಳು ಬಾಗಿಲಲ್ಲೇ ನಿಂತು ಕೇಳಿದಳು: "ಮೌ ಅವರೇ, ನೀವು ಯಾವ ಚೀನಾದವ್ರು?"

"ಅಡುಗೆಮನೆ ಚೀನಾದವ್ನು," ಎಂದೆ. ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಕಾರ್ಯದರ್ಶಿ ಫಾಂಗ್ ಅವರು, "ಮೌ, ಗಾಬರಿ ಮಾಡ್ಕೋಬೇಡ, ತೈಪೆಯೋರು ಬಿಟ್ಟುಕೊಡಲ್ಲ," ಎನ್ನುತ್ತಾರೆ. ಹಾಗೆ ಹೇಳುತ್ತಲೇ ಕಪಾಟಿನ ಕಾಗದಗಳನ್ನು ಹಿಂದಿನ ಅಂಗಳದಲ್ಲಿ ಸುಡಿಸುತ್ತಿದ್ದಾರೆ.

ನೀನು ನೀನೇ ಎಂದು ನನಗೆ ಗೊತ್ತಾಗಬೇಕು. ಪೂರ್ವ ಮಾರುಕಟ್ಟೆಯಲ್ಲಿ ನಾನು ನಿನ್ನನ್ನು ಮೊದಲ ಸಲ ಮಾತಾಡಿಸಿದ ದಿನ ಏನು ಕೇಳಿದೆ, ನೀನು ಏನು ಕೊಟ್ಟೆ? ಅದನ್ನು ಬರೆ. ಬೇರೆ ಏನೂ ಬರೆಯದಿದ್ದರೂ ಪರವಾಗಿಲ್ಲ.

ತಿಂಗ್‌ಫು


ಚಿಯಾಯಿ
12 ಫೆಬ್ರವರಿ 1964, ಹಬ್ಬದ ಹಿಂದಿನ ದಿನ

ಮೆಯ್‌ತಾವಳ ಅಪ್ಪನಿಗೆ,

ನೀವು ಬೆಳ್ಳುಳ್ಳಿ ಕೇಳಿದಿರಿ. ನಾನು ಶುಂಠಿ ಕೊಟ್ಟೆ. ನಿಮ್ಮ ಭಾಷೆ ನನಗೆ ಬರುತ್ತಿರಲಿಲ್ಲ, ನನ್ನ ಭಾಷೆ ನಿಮಗೆ ಬರುತ್ತಿರಲಿಲ್ಲ. ಆಮೇಲೆ ನೀವು ಮೂಗು ಹಿಡಿದುಕೊಂಡು ತೋರಿಸಿದ್ದಕ್ಕೆ ಒಣಮೀನು ಕೊಟ್ಟೆ. ಇಡೀ ಸಾಲು ನಕ್ಕಿತು. ಸಾಕೇ? ಹೆಂಡತಿಗೆ ಪರೀಕ್ಷೆ ಇಡುವಷ್ಟು ದೊಡ್ಡ ಮನುಷ್ಯರಾದಿರಿ.

ಅಕ್ಷರ ಕಾಗೆಕಾಲಿನಂತಿದ್ದರೆ ಬೈಯಬೇಡಿ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಗೋಡೆ ಬಿದ್ದಾಗ ಬಲಗೈ ಅದರಡಿ ಸಿಕ್ಕಿತು. ಮೊಣಕೈ ಕೆಳಗೆ ಎರಡು ಕಡೆ ಮುರಿದಿದೆ. ಮೆಯ್‌ತಾವ್ ಇಟ್ಟಿಗೆ ಸರಿಸಿ ಎಳೆದಳು. ಹೋದ ಪತ್ರ ಬರೆದುಕೊಟ್ಟವರು ಪಕ್ಕದ ಮನೆಯ ಲ್ಯಾವ್ ಮೇಷ್ಟ್ರು. ಅವರು ಶಾಲೆಗೆ ರಜೆ ಕೇಳುವುದನ್ನೂ ಹಾಗೆಯೇ ಬರೆಯುತ್ತಾರೆ. ಕೈಯ ವಿಷಯ ಬರೆಯಬೇಡಿ ಎಂದು ನಾನೇ ಹೇಳಿದ್ದೆ. ನೀವು ಅಷ್ಟು ದೂರದಲ್ಲಿ ಕೂತು ಏನು ಮಾಡಲು ಸಾಧ್ಯವಿತ್ತು?

ಫ್ರಾನ್ಸಿನ ಜೊತೆ ಸಂಬಂಧ ಕಡಿದುಕೊಂಡೆವೆಂದು ಮೊನ್ನೆ ರೇಡಿಯೋದಲ್ಲಿ ಹೇಳಿದರು. ಹಾಗಾದರೆ ನೀವೆಲ್ಲ ಹೊರಡಲೇಬೇಕಲ್ಲ. ಯಾವಾಗ? ದಿನ ಗೊತ್ತಾದ ಕೂಡಲೇ ಬರೆಯಿರಿ.

ಇನ್ನೊಂದು ವಿಷಯ. ನಮ್ಮ ಮನೆಗೆ ಇಬ್ಬರು ಅತಿಥಿಗಳು ಬರುತ್ತಿದ್ದಾರೆ. ಎರಡು ಸಲ ಬಂದರು. ಒಳ್ಳೆಯ ಬೂಟು ಹಾಕಿದವರು, ಬಿದ್ದ ಗೋಡೆಯ ಮೇಲೆ ಬೂಟು ಒರೆಸಿಕೊಂಡು ಒಳಗೆ ಬರುತ್ತಾರೆ.

"ಏನಮ್ಮ, ನಿಮ್ಮ ಯಜಮಾನ್ರಿಗೆ ಅವ್ರೂರ ಕಡೆ, ಶಾಂಡೋಂಗ್‌ನಲ್ಲಿ ಯಾರ್‍ಯಾರಿದಾರೆ?" ಎಂದು ಒಬ್ಬ ಕೇಳಿದ.

"ತಾಯಿ ಒಬ್ರೇ. ಬದುಕಿದಾರೋ ಇಲ್ವೋ ಗೊತ್ತಿಲ್ಲ. ಮೊದಲ್ನೇ ಹೆಂಡ್ತಿ ಯುದ್ಧದ ವರ್ಷ ತೀರಿಹೋದ್ರು," ಎಂದೆ.

"ಹಾಗಂತ ಅವ್ರು ಹೇಳಿದ್ರಾ?" ಎಂದು ಇಬ್ಬರೂ ಮುಖ ನೋಡಿಕೊಂಡು ನಕ್ಕರು.

ಆ ನಗು ನನಗೆ ಹಿಡಿಸಲಿಲ್ಲ. ನನಗೆ ಗೊತ್ತಿಲ್ಲದ್ದು ಏನಾದರೂ ಇದ್ದರೆ ಬೂಟಿನವರ ಬಾಯಿಂದ ಕೇಳುವ ಹಾಗೆ ಮಾಡಬೇಡಿ. ನೀವೇ ಹೇಳಿ.

ಇವತ್ತು ಊಟಕ್ಕೆ ನಿಮ್ಮ ಬಟ್ಟಲೂ ಇಟ್ಟಿದ್ದೇವೆ.

ಶ್ಯೂಲ್ವಾನ್


ಪ್ಯಾರಿಸ್
16 ಫೆಬ್ರವರಿ 1964

ಶ್ಯೂಲ್ವಾನ್,

ನಿನ್ನಿಂದ ಉತ್ತರವಿಲ್ಲ. ಅಂಚೆ ತಡವೋ, ಬರೆಯಲು ಬಿಡಲಿಲ್ಲವೋ ತಿಳಿಯದು.

ಬಾವುಟ ಇಳಿಸಿದೆವು. ಸಾಹೇಬರು, ಫಾಂಗ್ ಅವರು, ಡ್ರೈವರ್, ನಾನು. ಚಳಿಗೆ ಹಗ್ಗ ಬಿಗಿದುಕೊಂಡು ಅರ್ಧಕ್ಕೆ ನಿಂತುಬಿಟ್ಟಿತು. ನಾನು ಅಡುಗೆಮನೆಯ ಏಣಿ ತಂದು ಹತ್ತಿ ಬಿಡಿಸಬೇಕಾಯಿತು. ರಸ್ತೆಯ ಆಚೆ ಪತ್ರಿಕೆಯವರು ಫೋಟೋ ತೆಗೆದರು. ನಾಳೆ ಯಾವುದೋ ಪತ್ರಿಕೆಯಲ್ಲಿ ನನ್ನ ಬೆನ್ನು ಕಾಣಬಹುದು. ಕೆಳಗಿಳಿದಾಗ ಫಾಂಗ್ ಅವರು ಬಾವುಟವನ್ನು ಎದೆಗೆ ಒತ್ತಿಕೊಂಡು, "ಎಲ್ಲಿ ಇಡೋದೋ ಇದನ್ನ?" ಎಂದು ನನ್ನನ್ನೇ ಕೇಳಿದರು.

ಈಗ ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದೇನೆ. ಕೊನೆಯ ತಂಡ ಮಾರ್ಚ್ ಎಂಟಕ್ಕೆ ಹೊರಡುತ್ತದೆ. ನನಗೆ ಬಿಡುವಾದ ದಿನ ಈ ಊರಿನ ಹಳೆಯ ಚೀನೀಯರೊಬ್ಬರ ಊಟದ ಹೋಟೆಲಿನಲ್ಲಿ ಕೈ ಜೋಡಿಸುತ್ತೇನೆ. ಯೆ ಅಜ್ಜ ಎಂದು ಹೆಸರು. ನಲವತ್ತು ವರ್ಷದ ಹಿಂದೆ ಕಲ್ಲಿನ ಗೊಂಬೆ ಮಾರುತ್ತ ಬಂದು ಇಲ್ಲೇ ಉಳಿದವರು.

ಮೆಯ್‌ತಾವ್ ಚೆನ್ನಾಗಿ ಓದಲಿ. ನಾನು ಯಾವಾಗ ಬರುತ್ತೇನೆ ಎಂದು ಈಗಲೇ ಹೇಳಲಾರೆ.

ತಿಂಗ್‌ಫು


ಚಿಯಾಯಿ
26 ಫೆಬ್ರವರಿ 1964

ಮೌ ತಿಂಗ್‌ಫು ಅವರಿಗೆ,

ನಿಮ್ಮ ಹದಿನಾರನೇ ತಾರೀಖಿನ ಪತ್ರ ತಲುಪಿತು. ತಂಡ ಎಂಟಕ್ಕೆ ಹೊರಡುತ್ತದೆ, ನೀವು ಯಾವಾಗ ಬರುತ್ತೀರೆಂದು ಹೇಳಲಾರಿರಿ. ಎರಡೂ ಒಂದೇ ಹಾಳೆಯಲ್ಲಿದೆ. ನಾನು ತರಕಾರಿ ಮಾರುವವಳಾದರೂ ಓದಲು ನೀವೇ ಕಲಿಸಿದ್ದೀರಿ.

ಅತಿಥಿಗಳು ನಿನ್ನೆ ಮೂರನೇ ಸಲ ಬಂದರು. ಈ ಸಲ ನಗಲಿಲ್ಲ. "ಅಮ್ಮ, ನಿಮ್ಗೆ ಮೋಸ ಆಗಿದೆ," ಎಂದರು. ನಿಮ್ಮ ಮೊದಲ ಹೆಂಡತಿ ಬದುಕಿದ್ದಾಳೆ, ಫುಶಾನ್‌ನಲ್ಲಿ ನಿಮ್ಮ ತಾಯಿಯ ಜೊತೆಗಿದ್ದಾಳೆ, ಹಾಂಗ್‌ಕಾಂಗ್ ಮೂಲಕ ನಿಮಗೆ ಕಾಗದವೂ ಬಂದಿದೆ ಎಂದರು. ಪೀಕಿಂಗಿನಿಂದ ಫ್ರಾನ್ಸಿಗೆ ಹೊಸದಾಗಿ ಬಂದವರ ಕಡೆ ನೀವು ಸೇರಿಕೊಳ್ಳುತ್ತೀರಿ ಎಂದು ಅವರಿಗೆ ಅನುಮಾನ. "ಬಾ ಅಂತ ನೀವೇ ಬರೀರಿ. ಮಗಳ ಹೆಸರು ಹಾಕಿ ಬರೀರಿ, ಮನಸ್ಸು ಕರಗತ್ತೆ," ಎಂದು ಹಾಳೆಯನ್ನೂ ಕೊಟ್ಟರು. ಏನು ಬರೆಯಬೇಕೆಂಬುದನ್ನೂ ಹೇಳಿದರು.

ನಾನು ಬರೆಯಲಿಲ್ಲ. ಎಡಗೈ ನೋಯುತ್ತದೆ ಎಂದೆ.

ಇದು ಅವರು ಹೇಳಿದ್ದಲ್ಲ. ಬಾ ಎಂದೂ ನಾನು ಹೇಳುವುದಿಲ್ಲ, ಬರಬೇಡ ಎಂದೂ ಹೇಳುವುದಿಲ್ಲ. ಅವರು ಹೇಳಿದ್ದು ನಿಜವೇ ಎಂದಷ್ಟೇ ಕೇಳುತ್ತೇನೆ. ಸತ್ತ ಹೆಂಗಸಿಗೆಂದು ಹತ್ತು ವರ್ಷ ಏಪ್ರಿಲಿನ ಹಿರಿಯರ ಪೂಜೆಯಲ್ಲಿ ಊದುಬತ್ತಿ ಹಚ್ಚಿದವಳು ನಾನು. ಊರಲ್ಲಿದ್ದಷ್ಟು ವರ್ಷ ನೀವು ಪಕ್ಕದಲ್ಲೇ ನಿಂತಿದ್ದಿರಿ.

ಹೌ ಶ್ಯೂಲ್ವಾನ್


ಪ್ಯಾರಿಸ್
6 ಮಾರ್ಚ್ 1964

ಶ್ಯೂಲ್ವಾನ್,

ಇದು ಅಂಚೆಯಲ್ಲಿ ಬರುತ್ತಿಲ್ಲ. ಫಾಂಗ್ ಅವರ ಹೆಂಡತಿ ಮಕ್ಕಳೊಂದಿಗೆ ಇವತ್ತು ವಿಮಾನ ಹತ್ತುತ್ತಾರೆ. ಅವರ ಕೋಟಿನ ಒಳಪದರದಲ್ಲಿ ಹೊಲಿದುಕೊಟ್ಟಿದ್ದೇನೆ. ಓದಿ ಸುಟ್ಟುಬಿಡು.

ಅವರು ಹೇಳಿದ್ದು ನಿಜ. ಆದರೆ ನಿನ್ನನ್ನು ಮದುವೆಯಾದಾಗ ನಾನು ಸುಳ್ಳು ಹೇಳಿದ್ದಲ್ಲ. ಊರಿಗೆ ಬೆಂಕಿ ಬಿದ್ದ ವರ್ಷ ಆಕೆ ತೀರಿಹೋದಳೆಂದು ನಮ್ಮ ಪಡೆಯಲ್ಲಿದ್ದ ಊರವನೊಬ್ಬ ಹೇಳಿದ್ದ. ನಂಬಿದ್ದೆ. ನಂಬುವುದು ಸುಲಭವೂ ಆಗಿತ್ತು. ಹೋದ ಅಕ್ಟೋಬರಿನಲ್ಲಿ ಯೆ ಅಜ್ಜ ಒಂದು ಲಕೋಟೆ ಕೊಟ್ಟರು. ತಾಯಿ ಯಾರ ಕೈಯಲ್ಲೋ ಬರೆಸಿದ್ದು. ಕಣ್ಣು ಕಾಣುವುದಿಲ್ಲವಂತೆ. ಬರಗಾಲದ ಮೂರು ವರ್ಷ ಸೊಸೆ ತನ್ನ ಪಾಲಿನದನ್ನು ಅತ್ತೆಗೆ ಉಣ್ಣಿಸಿ ಉಳಿಸಿದಳು, ಮತ್ತೆ ಮದುವೆಯಾಗು ಎಂದರೂ ಹೋಗಲಿಲ್ಲ ಎಂದು ಬರೆಸಿದ್ದಳು. ಜನವರಿಯಲ್ಲಿ ನಿನಗೆ ಏನೂ ಗೊತ್ತಿಲ್ಲವೆಂದು ಬರೆದೆನಲ್ಲ, ಆಗ ಆ ಕಾಗದ ನನ್ನ ಅಂಗಿಯ ಜೇಬಿನಲ್ಲಿತ್ತು. ಅದು ಸುಳ್ಳು. ಅದನ್ನು ನಿನ್ನ ಮುಂದೆ ಒಪ್ಪಿಕೊಳ್ಳುತ್ತೇನೆ.

ಫೆಬ್ರವರಿಯಲ್ಲಿ ಪೀಕಿಂಗಿನವರ ಮೊದಲ ತಂಡ ಬಂತು. ಹೋಟೆಲೊಂದರಲ್ಲಿ ಇಳಿದಿದ್ದಾರೆ, ಅಡುಗೆಯವರಿಲ್ಲ. ಯೆ ಅಜ್ಜ ನನ್ನನ್ನು ಕೂರಿಸಿಕೊಂಡು ಹೇಳಿದರು: "ನೋಡೋ, ಬಾವುಟ ಬದಲಾಗತ್ತೆ, ಹೊಟ್ಟೆ ಬದಲಾಗಲ್ಲ. ಅವ್ರಿಗೆ ಅಡುಗೆಯವ್ನು ಬೇಕು. ಒಂದು ವರ್ಷ ಮಾಡಿದ್ರೆ ಊರಿಗೆ ಕಳಿಸ್ತಾರೆ, ತಾಯಿ ಮುಖ ನೋಡ್ಬಹುದು. ಯೋಚ್ನೆ ಮಾಡು."

"ನನ್ನ ಹೆಂಡ್ತಿ, ಮಗಳು?"

"ಯಾವ ಹೆಂಡ್ತಿ ಅಂತ ನೀನೇ ಹೇಳು," ಎಂದರು. ಚುಚ್ಚಲು ಹೇಳಿದ್ದಲ್ಲ. ನಿಜವಾಗಿಯೂ ಕೇಳಿದ್ದು.

ಹೋದ ಭಾನುವಾರ ಪೀಕಿಂಗಿನವರು ಯೆ ಅಜ್ಜನ ಹೋಟೆಲಿಗೆ ಊಟಕ್ಕೆ ಬಂದರು, ಏಳು ಜನ. ನಾನು ಒಳಗಿದ್ದೆ. ಹೊರಗೆ ಹೋಗಬಹುದಿತ್ತು, ಹೋಗಲಿಲ್ಲ. ಖರ್ಜೂರ ಇಟ್ಟು ಬೇಯಿಸುವ ನಮ್ಮೂರ ಹಬ್ಬದ ಬನ್ನು ಮಾಡಿ ಕಳಿಸಿದೆ. ಯಾಕೆ ಮಾಡಿದೆನೋ ತಿಳಿಯದು, ಕೈ ತಾನಾಗಿ ಮಾಡಿತು. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಒಂದು ದನಿ ಕೇಳಿಸಿತು. ಅಪ್ಪಟ ನಮ್ಮ ಸೀಮೆಯ ಮಾತು: "ಇದನ್ನ ಮಾಡಿದಾಂವ ಯಾರ್ರೀ? ಇಂವ ನಮ್ಮ ಕಡೆಯಾಂವನ ಇರಬೇಕು. ಕರೀರಿ ಇಲ್ಲೆ, ಮಾರಿ ನೋಡೂಣು!"

ಹದಿನೈದು ವರ್ಷದ ಮೇಲೆ ಆ ಮಾತು ಕೇಳಿದೆ, ಶ್ಯೂಲ್ವಾನ್. ಯೆ ಅಜ್ಜ ಒಳಗೆ ಬಂದು ನನ್ನನ್ನು ನೋಡಿದರು. ನಾನು ತಲೆಯಾಡಿಸಿ ಬೇಡವೆಂದೆ. ಅವರು ಹೊರಗೆ ಹೋಗಿ, "ಅವ್ನು ಆಗ್ಲೇ ಹೊರಟ್ಹೋದ," ಎಂದರು. ಆ ಮನುಷ್ಯ ಉಳಿದ ಎರಡು ಬನ್ನುಗಳನ್ನು ಕಾಗದದಲ್ಲಿ ಸುತ್ತಿಕೊಂಡು ಹೋದನಂತೆ.

ಅವನು ಶತ್ರು ಎಂದು ನನಗೆ ಹೇಳಿಕೊಟ್ಟಿದ್ದಾರೆ. ಅವನಿಗೆ ನಾನು ಶತ್ರು ಎಂದು ಹೇಳಿಕೊಟ್ಟಿರುತ್ತಾರೆ.

ನಿನ್ನ ಎಡಗೈಯ ಪತ್ರ ಫೆಬ್ರವರಿ ಇಪ್ಪತ್ತೆರಡಕ್ಕೇ ಸಿಕ್ಕಿತ್ತು. ನೀವೇ ಹೇಳಿ ಎಂದು ನೀನು ಕೇಳಿದ್ದೆ. ಎರಡು ವಾರ ಬಾಯಿ ಮುಚ್ಚಿಕೊಂಡೆ. ಈ ಹೊತ್ತು ಹೇಳುತ್ತಿರುವುದು ನಿನಗೆ ಆಗಲೇ ಗೊತ್ತಾಗಿರುವುದರಿಂದ. ಇದರಲ್ಲಿ ನನ್ನ ದೊಡ್ಡತನ ಏನೂ ಇಲ್ಲ.

ಇನ್ನು ಎರಡು ದಿನವಿದೆ. ನನ್ನ ಟಿಕೇಟು ಫಾಂಗ್ ಅವರ ಮೇಜಿನ ಮೇಲಿದೆ. ತೆಗೆದುಕೋ ಎಂದು ಅವರು ಹೇಳುತ್ತಿಲ್ಲ, ಕಣ್ಣಲ್ಲೇ ಕಾಯುತ್ತಿದ್ದಾರೆ. ತೈಪೆಯಲ್ಲಿ ಇಳಿದ ಮೇಲೆ ನನ್ನನ್ನು ಏನು ಮಾಡುತ್ತಾರೋ ಗೊತ್ತಿಲ್ಲ. ಇಲ್ಲೇ ಉಳಿದರೆ ನಿನ್ನನ್ನು, ಮಗಳನ್ನು ಏನು ಮಾಡುತ್ತಾರೋ ಅದು ಗೊತ್ತು. ಯಾವ ದಾರಿ ಹಿಡಿದರೂ ಫುಶಾನ್‌ಗೆ ಒಂದು ಕಾಗದ ಬರೆಯುತ್ತೇನೆ. ಇದ್ದದ್ದನ್ನು ಇದ್ದ ಹಾಗೆ, ನಿನ್ನ ವಿಷಯವನ್ನೂ ಸೇರಿಸಿ. ಅದಕ್ಕೆ ಉತ್ತರ ನನಗೆ ಸಿಗದೇ ಹೋಗಬಹುದು.

ತಿಂಗ್‌ಫು


ತೈಪೆ
29 ಮಾರ್ಚ್ 1964

ಮೆಯ್‌ತಾವಳ ಅಮ್ಮನಿಗೆ,

ನಾನು ಬಂದಿದ್ದೇನೆ. ಇಲ್ಲಿಗೆ ಬಂದು ಹತ್ತೊಂಬತ್ತು ದಿನವಾಯಿತು. ಇಷ್ಟು ದಿನ ಬರೆಯಲು ಆಗಲಿಲ್ಲ, ಯಾಕೆಂದು ಊಹಿಸಿಕೊಳ್ಳುತ್ತೀಯೆ. ಕೇಳಿದ್ದನ್ನೇ ಕೇಳಿದರು, ನಾನು ಹೇಳಿದ್ದನ್ನೇ ಹೇಳಿದೆ. ಒಂದು ದಿನ ಬಾವುಟ ಇಳಿಸಿದ ಫೋಟೋ ತಂದು ತೋರಿಸಿ, "ಏಣಿ ಮೇಲಿರೋದು ನೀನೇ ತಾನೆ? ಅಷ್ಟು ಅವಸರ ಯಾಕಿತ್ತು?" ಎಂದರು. ಹಗ್ಗ ಸಿಕ್ಕಿಕೊಂಡಿತ್ತು ಎಂದು ಹೇಳಿ ಹೇಳಿ ಗಂಟಲು ಬತ್ತಿತು. ಫಾಂಗ್ ಅವರು ಬಂದು ನನ್ನ ಪರವಾಗಿ ಸಹಿ ಹಾಕಿದ ಮೇಲೆ ಮೊನ್ನೆ ಬಿಟ್ಟರು. ಮೈಗೆ ಏನೂ ಆಗಿಲ್ಲ. ಇನ್ನು ಸರ್ಕಾರದ ಅಡುಗೆಮನೆಯಲ್ಲಿ ನನಗೆ ಕೆಲಸವಿಲ್ಲ ಎಂದಿದ್ದಾರೆ.

ಯಾಕೆ ಬಂದೆ ಎಂದು ನೀನು ಕೇಳಿದರೆ ಚೆಂದದ ಉತ್ತರ ನನ್ನಲ್ಲಿಲ್ಲ. ಹೊರಡುವ ಬೆಳಿಗ್ಗೆಯವರೆಗೂ ತೀರ್ಮಾನ ಮಾಡಿರಲಿಲ್ಲ. ಊರಲ್ಲಿರುವ ಆಕೆಯೊಂದಿಗೆ ನಾನು ಬಾಳಿದ್ದು ನಾಲ್ಕು ತಿಂಗಳು. ಇಡೀ ಬೆಳಿಗ್ಗೆ ಆಕೆಯ ಮುಖ ನೆನಪು ಮಾಡಿಕೊಳ್ಳಲು ನೋಡಿದೆ, ಬರಲಿಲ್ಲ. ನನಗಾಗಿ ಹದಿನೈದು ವರ್ಷ ಸವೆಸಿದವಳ ಮುಖ ನನಗೆ ನೆನಪಿಲ್ಲ. ಆ ನಾಚಿಕೆಯಲ್ಲಿ ನಾನು ಅಲ್ಲಿಗೆ ಹೋಗಿ ಏನೆಂದು ನಿಲ್ಲಲಿ? ನೀನು ಮುರಿದ ಕೈ ಮುಚ್ಚಿಟ್ಟು ಕರ್ತವ್ಯ ಮಾಡಿ ಎಂದು ಬರೆಸಿದೆ. ಎರಡು ಕಡೆಯೂ ನನ್ನ ಪಾಲನ್ನು ಹೆಂಗಸರೇ ಹೊತ್ತಿದ್ದಾರೆ. ಒಂದು ಕಡೆಯದನ್ನಾದರೂ ಇಳಿಸಿಕೊಳ್ಳಬೇಕೆನ್ನಿಸಿತು. ಟಿಕೇಟು ತೆಗೆದುಕೊಂಡೆ.

ನೀನು ಬಾ ಎಂದು ಬರೆದಿಲ್ಲ. ಅದು ನನಗೆ ಗೊತ್ತಿದೆ. ಏಪ್ರಿಲ್ ಮೂರರ ಬೆಳಿಗ್ಗೆಯ ರೈಲು ಹತ್ತುತ್ತೇನೆ. ಮಧ್ಯಾಹ್ನ ಎರಡಕ್ಕೆ ಚಿಯಾಯಿ. ಪ್ಲಾಟ್‌ಫಾರಂ ಮೇಲೆ ಯಾರೂ ಕಾಣದಿದ್ದರೆ ಇಳಿಯುವುದಿಲ್ಲ, ನೇರ ಕಾವ್‌ಶ್ಯುಂಗ್‌ಗೆ ಹೋಗುತ್ತೇನೆ. ಅಲ್ಲಿ ಹಡಗು ಕಟ್ಟುವವರ ಊಟದ ಮನೆಗೆ ಅಡುಗೆಯವರು ಬೇಕಂತೆ. ಆಗಲೂ ಮಗಳ ಓದಿನ ಖರ್ಚು ತಿಂಗಳು ತಿಂಗಳು ಕಳಿಸುತ್ತೇನೆ. ಯಾರ ಮೇಲೂ ಬೇಸರವಿಲ್ಲ.

ಫಾಂಗ್ ಅವರ ಹೆಂಡತಿಯ ಕೈಯಲ್ಲಿ ಹೇಳಿ ಕಳಿಸಿದ್ದು ತಲುಪಿತೇ? ಮೂರು ವಾರದಿಂದ ಅದೊಂದೇ ಭಯ.

ತಿಂಗ್‌ಫು


ಚಿಯಾಯಿ
1 ಏಪ್ರಿಲ್ 1964

ಮೆಯ್‌ತಾವಳ ಅಪ್ಪನಿಗೆ,

ಲ್ಯಾವ್ ಮೇಷ್ಟ್ರು ಶಾಲೆಯ ಕೆಲಸಕ್ಕೆ ತೈಪೆಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಹಾಗಾಗಿ ಮುಚ್ಚುಮರೆ ಬೇಕಿಲ್ಲ.

ಫಾಂಗ್ ಅವರ ಹೆಂಡತಿ ತಂದುಕೊಟ್ಟದ್ದು ತಲುಪಿತು. ಮೂರು ಸಲ ಓದಿ ಒಲೆಗೆ ಹಾಕಿದೆ. ಅದಾದ ಮೇಲೆ ಇಪ್ಪತ್ತು ದಿನ ನಿಮ್ಮ ಸುದ್ದಿಯಿಲ್ಲ. ನೀವು ಅಲ್ಲೇ ಉಳಿದಿರಿ ಎಂದುಕೊಂಡೆ. ಬೂಟಿನವರೂ ಬರುವುದನ್ನು ನಿಲ್ಲಿಸಿದರು. ಆಗ ಇನ್ನೂ ಹೆದರಿಕೆಯಾಯಿತು, ಅವರಿಗೆ ಬೇಕಾದವರು ಅವರ ಕೈಗೇ ಸಿಕ್ಕಿರಬೇಕೆಂದು. ಉಳಿದಿರಲಿ ಎಂದು ಒಂದು ದಿನ ಬೇಡಿಕೊಂಡೆ. ಮಾರನೆಯ ದಿನ ಉಳಿದಿದ್ದರೆ ಕಾಲು ಮುರಿಯಲಿ ಎಂದು ಬೈದೆ. ಹೀಗೆ ದಿನ ಕಳೆದೆ.

ನಿಮ್ಮನ್ನು ಕ್ಷಮಿಸಿದ್ದೇನೆಂದು ತಿಳಿಯಬೇಡಿ. ಅದು ಆಗುತ್ತದೋ ಇಲ್ಲವೋ ನನಗೇ ಗೊತ್ತಿಲ್ಲ. ಮೇಷ್ಟ್ರ ಹೆಂಡತಿ, "ಬಂದ್ರಲ್ಲ ಬಿಡೇ, ಗಂಡಸು ತಿರುಗಿ ಬಂದದ್ದೇ ಹೆಚ್ಚು," ಎಂದಳು. ನನಗೆ ಅದು ಹೆಚ್ಚು ಅನ್ನಿಸುವುದಿಲ್ಲ. ಆದರೆ ಕಾವ್‌ಶ್ಯುಂಗ್‌ನಿಂದ ತಿಂಗಳು ತಿಂಗಳು ಕಳಿಸುತ್ತೇನೆ ಎಂಬ ಮಾತು ಬೇಡ. ಮಗಳಿಗೆ ಬೇಕಾದದ್ದು ಅದಲ್ಲ.

ಚಿಯಾಯಿಯಲ್ಲಿ ಇಳಿಯಿರಿ. ನಾನು ಸ್ಟೇಷನ್ನಿಗೆ ಬರುವುದಿಲ್ಲ, ಮೆಯ್‌ತಾವ್ ಬರುತ್ತಾಳೆ. ನಿಮ್ಮ ಮುಖ ಅವಳಿಗೆ ನೆನಪಿಲ್ಲ, ಗುರುತು ಹಿಡಿಯಬೇಕಾದವರು ನೀವು.

ಒಂದು ಮಾತು. ಅಷ್ಟುದ್ದ ಬರೆದಿರಿ, ಮತ್ತೆ ತೈಪೆಯಿಂದಲೂ ಬರೆದಿರಿ. ಆಕೆ, ಆಕೆ ಎಂದೇ ಬರೆದಿರಿ. ತಾನು ಹಸಿದು ನಿಮ್ಮ ತಾಯಿಗೆ ಉಣ್ಣಿಸಿದವಳಿಗೆ ಹೆಸರಿಲ್ಲವೇ? ಬೂಟಿನವರೂ ಹೇಳಲಿಲ್ಲ, ಹತ್ತು ವರ್ಷ ಊದುಬತ್ತಿ ಹಚ್ಚುವಾಗ ನಾನೂ ಕೇಳಲಿಲ್ಲ.

ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಮೊದಲು ಆ ಹೆಸರು ಹೇಳಿ. ಊಟ ಆಮೇಲೆ.

ಶ್ಯೂಲ್ವಾನ್